ಮೀನಿನ ಉಪವಾಸ

ನೀಲಗಂಗಮ್ಮನ ಮನೆಯಲ್ಲಿ ಸೋಮವಾರದ ದಿನ ಮೀನು ಎಂದು ಬಾಯಿ ಬಿಡುವಂತಿರಲಿಲ್ಲ. ಉಳಿದ ದಿನ ಹೇಳಬಹುದಿತ್ತು, ಅದೂ ಅಡುಗೆಮನೆಯ ಹೊಸ್ತಿಲಿನಿಂದ ಈಚೆ ನಿಂತು. ಲಿಂಗಪೂಜೆಯಾಗದೆ ಗುಟುಕು ನೀರು ಮುಟ್ಟದ ಮನೆತನ. ರಾಯಚೂರಿನ ಮಾನ್ವಿ ರಸ್ತೆಯಲ್ಲಿ ಸ್ವಂತ ರೈಸ್ ಮಿಲ್ಲು, ಮಠಕ್ಕೆ ವರ್ಷ ವರ್ಷ ಅಕ್ಕಿ ಕಳಿಸುವ ಜನ. ಅಂಥವರ ಪಡಸಾಲೆಯಲ್ಲಿ, ಟಿ.ವಿ. ಪಕ್ಕದ ಗಾಜಿನ ತೊಟ್ಟಿಯೊಳಗೆ ಬಂಗಾರದ ಬಣ್ಣದ ಮೀನೊಂದು ಠೀವಿಯಿಂದ ತಿರುಗಾಡಿಕೊಂಡಿತ್ತು ಎಂದರೆ ಅದಕ್ಕೊಂದು ಕಾರಣ ಇರಲೇಬೇಕು.

ಕಾರಣ ಸೊಸೆ ಸುನಂದಾ. ಹೋದ ವರ್ಷ ಐದನೆಯ ತಿಂಗಳಲ್ಲಿ ಅವಳ ಗರ್ಭ ಇಳಿದುಹೋಗಿತ್ತು. ಆಸ್ಪತ್ರೆಯಿಂದ ಬಂದವಳು ಉಂಡರೆ ಉಂಡಳು, ಬಿಟ್ಟರೆ ಬಿಟ್ಟಳು; ಗೋಡೆ ನೋಡುತ್ತ ಕೂತುಬಿಡುತ್ತಿದ್ದಳು. ಗಂಡ ಬಸವಪ್ರಸಾದನಿಗೆ ಸಮಾಧಾನ ಹೇಳಲು ಬಾಯಿ ಬರುವುದಿಲ್ಲ. ಒಂದು ಸಂಜೆ ಈ ತೊಟ್ಟಿ ಹೊತ್ತು ತಂದು, "ಗ್ವಾಡಿ ನೋಡೂದಕ್ಕಿಂತ ಇದನ್ನ ನೋಡು" ಎಂದ. ನೀಲಗಂಗಮ್ಮ ಸೊಸೆಯ ಮುಖ ನೋಡಿ ಸಿಟ್ಟು ನುಂಗಿಕೊಂಡರು, ಆದರೆ ಷರತ್ತು ಹಾಕುವುದನ್ನು ಬಿಡಲಿಲ್ಲ. ಮೀನಿನ ಆಹಾರದ ಡಬ್ಬಿಯಲ್ಲಿ ಒಣಸೀಗಡಿಯ ಪುಡಿ ಇರುವುದರಿಂದ ಅದು ಹೊರಗೆ ಚಪ್ಪಲಿಗಳ ಪಕ್ಕದಲ್ಲೇ ಇರಬೇಕು. ಆಹಾರ ಹಾಕಿದವರು ಅಂಗಳದ ನಳದಲ್ಲಿ ಸಾಬೂನು ಹಚ್ಚಿ ಕೈ ತೊಳೆದೇ ಒಳಗೆ ಬರಬೇಕು. ತೊಟ್ಟಿಯ ನೀರು ತುಳಸಿಗೆ ಬೀಳಕೂಡದು. ಸುನಂದಾ ಎಲ್ಲಕ್ಕೂ ಹೂಂ ಎಂದಿದ್ದಳು. ವರ್ಷವಿಡೀ ಅವಳು ಆ ಮೀನಿನ ಜೊತೆ ಮಾತಾಡಿದಷ್ಟು ಆ ಮನೆಯಲ್ಲಿ ಇನ್ನಾರ ಜೊತೆಗೂ ಮಾತಾಡಿರಲಿಲ್ಲ.

ಆ ಮೀನಿನ ಹೊಟ್ಟೆ ಉಬ್ಬಿತು.

ಎಳ್ಳಮಾವಾಸ್ಯೆ ಇನ್ನೂ ದೂರವಿದ್ದ ಚಳಿಗಾಲ. ಬೆಳಿಗ್ಗೆ ಪಡಸಾಲೆ ಗುಡಿಸಲು ಬಂದ ಸುನಂದಾ ನೋಡುತ್ತಾಳೆ, ಮೀನು ಒಂದು ಮಗ್ಗುಲಿಗೆ ವಾಲಿ, ಈಜಲೂ ಆಗದೆ ಮುಳುಗಲೂ ಆಗದೆ ನೀರಿನ ಮೇಲ್ಗಡೆ ತೂಗಾಡುತ್ತಿದೆ. ಹೊಟ್ಟೆ ನಿಂಬೆಹಣ್ಣಿನಷ್ಟು ದುಂಡಗಾಗಿದೆ. ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡು, ತರಕಾರಿ ತರುವ ನೆಪ ಹೇಳಿ, ತೀನ್ ಕಂದೀಲ್ ವೃತ್ತದ ಹತ್ತಿರದ ಅಕ್ವೇರಿಯಂ ಅಂಗಡಿಗೆ ಹೋದಳು. ಅಂಗಡಿಯ ಅರ್ಬಾಜ್ ವಿಡಿಯೋವನ್ನು ಎರಡು ಸಲ ನೋಡಿದ.

"ಕಬ್ಜ ಆಗ್ಯಾದ ಅಕ್ಕಾ. ಹೊಟ್ಟಿ ಕಟ್ಟ್ಯಾದ. ಮೈಮ್ಯಾಲಿನ ಹುರುಪಿ ಎದ್ದು ನಿಂತಿಲ್ಲ ನೋಡ್ರಿ, ನಿಂತಿದ್ರ ಅದು ಬ್ಯಾರೆ ರೋಗ. ಎಷ್ಟು ಹಾಕ್ತೀರಿ ದಿನಾ?"

"ಒಂದು ಚಿಟಿಗಿ. ನೀವು ಹೇಳಿದಷ್ಟ."

"ಹಂಗಾರ ನಿಮ್ಮ ಮನ್ಯಾಗ ಬ್ಯಾರೆ ಯಾರೋ ಹಾಕಾಕತ್ತಾರ" ಎಂದು ಅವನು ನಕ್ಕ. "ಎರಡ್ಮೂರು ದಿನ ಏನೂ ಹಾಕಬ್ಯಾಡ್ರಿ, ಪೂರಾ ಉಪವಾಸ. ಆಮ್ಯಾಲ ಹಸಿ ಬಟಾಣಿ ಕುದಿಸಿ, ಸಿಪ್ಪಿ ತಗದು, ಚೂರು ಮಾಡಿ ಹಾಕ್ರಿ. ಅದಕ್ಕೂ ಇಳೀಲಿಲ್ಲಂದ್ರ ಎಪ್ಸಮ್ ಸಾಲ್ಟ್ ಹಾಕಿದ ನೀರಾಗ ಸ್ವಲ್ಪ ಹೊತ್ತು ಬಿಡ್ರಿ. ಅದೂ ಆಗಲಿಲ್ಲಾ, ಹೊಸಾವು ಬಂದಾವ, ಒಂದು ಒಯ್ಯಿರಿ."

ಹೊಸ ಮೀನಿನ ಮಾತು ಸುನಂದಾಳ ಕಿವಿಗೆ ಬೀಳಲೇ ಇಲ್ಲ. ಬೇರೆ ಯಾರೋ ಹಾಕುತ್ತಿದ್ದಾರೆ ಎಂಬುದು ಮಾತ್ರ ಮುಳ್ಳಿನಂತೆ ನಟ್ಟುಕೊಂಡಿತು.

ಮನೆಯಲ್ಲಿ ಆಗ ಹೊಸದಾಗಿ ಬಂದವಳೆಂದರೆ ನಾದಿನಿ ಉಮಾದೇವಿ. ದೇವದುರ್ಗಕ್ಕೆ ಕೊಟ್ಟ ಹುಡುಗಿ, ಚೊಚ್ಚಲ ಬಸುರಿ. ವಾಂತಿ ನಿಲ್ಲುತ್ತಿಲ್ಲವೆಂದು ನೀಲಗಂಗಮ್ಮ ತಾವೇ ಹೋಗಿ ತವರಿಗೆ ಕರೆತಂದಿದ್ದರು. ಮಗಳು ಬಂದ ಮೊದಲ ವಾರ ಅಡುಗೆ ಎಂದಿನಂತೆ ಸುನಂದಾಳದೇ ಇತ್ತು. ಎರಡನೆಯ ವಾರ ಒಲೆಯ ಮೇಲೆ ಒಂದು ಸಣ್ಣ ಪಾತ್ರೆ ಬೇರೆಯಾಗಿ ಏರಿತು. ಮಗಳ ಅನ್ನ, ಮಗಳ ಸಾರು, ಮಗಳ ಹಾಲು ಎಲ್ಲವೂ ತಾಯಿಯ ಕೈಯಿಂದಲೇ ಹೋಗತೊಡಗಿದವು. ಗಬ್ಬೂರಿನ ತಮ್ಮ ತವರಿನ ಪದ್ಧತಿಯಂತೆ ತುಪ್ಪ ಸುರಿದು, ಗಸಗಸೆ, ಒಣಕೊಬ್ಬರಿ ಹಾಕಿ ಅವರು ಗೋಧಿಯ ಸಿಹಿಪುಡಿ, ಮಾದಲಿ, ಮಾಡಿ ಸ್ಟೀಲ್ ಡಬ್ಬಿಗೆ ತುಂಬಿದ್ದರು. ಆ ಡಬ್ಬಿ ಅಲಮಾರಿಯೊಳಗೆ, ಅಲಮಾರಿಯ ಕೀಲಿ ಅವರ ಟೊಂಕದಲ್ಲಿ. ಹಗಲಿಗೊಂದು ಸಲ, ಸಂಜೆಗೊಂದು ಸಲ ಬಟ್ಟಲು ತುಂಬ ಹಾಕಿ ಮಗಳ ಕೈಗೆ ಕೊಡುತ್ತಿದ್ದರು.

ಯಾಕೆ ಹೀಗೆ ಎಂದು ಸುನಂದಾ ಕೇಳಲಿಲ್ಲ. ಕೇಳದೆಯೂ ಗೊತ್ತಿತ್ತು. ಹೋದ ವರ್ಷ ನೋಡಲು ಬಂದ ನೆಂಟರಿಗೆಲ್ಲ ನೀಲಗಂಗಮ್ಮ ಪಡಸಾಲೆಯಲ್ಲಿ ಹೇಳುತ್ತಿದ್ದ ಮಾತು ಅವಳ ಕೋಣೆಯವರೆಗೂ ಕೇಳಿಸುತ್ತಿತ್ತು: "ಏನ್ ಮಾಡೂದು ಯವ್ವಾ, ಉಣ್ಣಾಕ ಕೊಟ್ರ ಮೂಗು ಮುರೀತಿದ್ಲು. ಹೊಟ್ಟಿಗಿ ತಿನ್ನಲಾರದಕ್ಕ ಕಳಕೊಂಡ್ಲು." ಒಂದು ಸಲ ಹೊರಗೆ ಬಂದು ಹಾಗಲ್ಲ ಎನ್ನಬೇಕೆನಿಸಿತ್ತು. ಆಗ ಎದ್ದು ನಿಲ್ಲುವ ತ್ರಾಣವಿರಲಿಲ್ಲ. ಆಮೇಲೆ ಆ ಮಾತೇ ಮನೆಯ ಇತಿಹಾಸವಾಗಿಬಿಟ್ಟಿತು.

ಸುನಂದಾ ಮನೆಯವರಿಗೆ ವಿಡಿಯೋ ತೋರಿಸಿ, ಮೀನಿಗೆ ಉಪವಾಸ ಎಂದು ಹೇಳಿದ ದಿನ ಊಟಕ್ಕೆ ಜೋಳದ ರೊಟ್ಟಿ, ಪುಂಡಿಪಲ್ಯೆ. ನೀಲಗಂಗಮ್ಮ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು.

"ಬಸುರಿ ಹೆಣ್ಮಗಳಿರೋ ಮನ್ಯಾಗ ಒಂದು ಜೀವ ಉಪವಾಸ ಕೆಡವ್ತೀಯಾ?"

"ಉಪವಾಸ ಅಲ್ರೀ ಅತ್ತಿ, ಔಷಧ ಅದು. ಹೊಟ್ಟಿ ಕಟ್ಟ್ಯಾದ."

"ಹೊಟ್ಟಿ ಕಟ್ಟ್ಯಾದೋ, ಅದೂ ಬಸುರಿ ಅದನೋ, ಯಾರಿಗೆ ಗೊತ್ತು?"

ಮಾವ ವಿರೂಪಣ್ಣ ಮಜ್ಜಿಗೆ ಕುಡಿಯುತ್ತಿದ್ದವರು ಕೆಮ್ಮಿದರು. "ಒಂಟಿ ಮೀನು ಹೆಂಗ ಬಸುರಿ ಆಗತದಲೇ? ನನಗ ವರ್ಷಾನುಗಟ್ಲೆ ಹೊಟ್ಟಿ ಕಟ್ಟ್ಯಾದ, ದಿನಾ ಇಸಬಗೋಲ್ ಕುಡಿದು ಮಲಗ್ತೀನಿ. ನನಗ್ಯಾರೂ ವಿಡಿಯೋ ಮಾಡಿಲ್ಲ."

"ನೀವು ಸುಮ್ಕಿರ್ರಿ. ನಾ ನಗೂ ಮಾತು ಆಡಾಕತ್ತಿಲ್ಲ." ನೀಲಗಂಗಮ್ಮ ಸೊಸೆಯತ್ತ ತಿರುಗಿದರು. "ನಮ್ಮ ಮನ್ಯಾಗ ಇರುವಿಗೂ ಸಕ್ಕರಿ ಹಾಕಿ ಉಣ್ಣೋ ರೂಢಿ ಅದ. ಬಸುರಿ ಕಣ್ಣ ಮುಂದ ಒಂದು ಮೂಕ ಜೀವ ಹಸಗೊಂಡು ಬಿದ್ರ ಕೂಸಿಗಿ ಒಳ್ಳೇದಲ್ಲ. ನಿನಗ ಅದು ಗೊತ್ತಿಲ್ಲಂತ ಅನಕೋಬೇಕಾ, ಗೊತ್ತಿದ್ದs ಮಾಡಾಕತ್ತೀದಿ ಅನಕೋಬೇಕಾ?"

ಬಸವಪ್ರಸಾದ ತಾಟಿನಿಂದ ತಲೆ ಎತ್ತಲಿಲ್ಲ. ಉಮಾದೇವಿ ಎದ್ದು ಹಿತ್ತಲಿಗೆ ಓಡಿದಳು. ಅವಳಿಗೆ ಪುಂಡಿಪಲ್ಯೆಯ ವಾಸನೆ ಆಗುತ್ತಿರಲಿಲ್ಲ. ಸುನಂದಾ ಆ ರೊಟ್ಟಿಯನ್ನು ಹೇಗೆ ಮುಗಿಸಿದಳೋ ಅವಳಿಗೇ ಗೊತ್ತಾಗಲಿಲ್ಲ.

ಉಪವಾಸ ಮುಗಿಯಿತು, ಹೊಟ್ಟೆ ಇಳಿಯಲಿಲ್ಲ. ಬದಲಿಗೆ ಇನ್ನಷ್ಟು ಉಬ್ಬಿತು. ಬಟಾಣಿ ಚೂರು ಹಾಕಿದರೆ ಮೀನು ಮೂಸಿ ನೋಡಿ ಬಿಟ್ಟಿತು. ಉಪವಾಸ ಬಿದ್ದ ಪ್ರಾಣಿ ಹೀಗೆ ಮಾಡುತ್ತದೆಯೇ? ಸುನಂದಾ ಬಗ್ಗಿ ನೋಡಿದಳು. ನೀರಿನ ಮೇಲೆ ತೆಳ್ಳಗೆ ಜಿಡ್ಡು ತೇಲುತ್ತಿತ್ತು. ಬೆರಳಿಟ್ಟು ಮೂಗಿಗೆ ಹಿಡಿದಳು. ತುಪ್ಪ.

ಮೊದಲು ಸಿಕ್ಕವಳು ಕಲ್ಮಲದಿಂದ ದಿನಾ ಬಸ್ಸಿಗೆ ಬಂದು ಕಸಮುಸುರೆ ಮಾಡುವ ಹನುಮಂತಮ್ಮ.

"ಮೀನಿಗಿ ಏನರ ಹಾಕೀಯೇನು?"

"ನಾ ಎದಕ ಹಾಕ್ಲಿ ಯವ್ವಾ?" ಹನುಮಂತಮ್ಮ ಸೊಂಟದ ಮೇಲೆ ಕೈಯಿಟ್ಟಳು. "ಮೀನಂದ್ರ ನಮ್ಮನ್ಯಾಗ ಸಾರು ಮಾಡ್ತೀವಿ, ಅದಕ್ಕ ಉಣಸಾಕ ಕುಂದ್ರಲ್ಲ. ನನ್ನ ಮ್ಯಾಲ ಹಾಕಬ್ಯಾಡ್ರಿ. ಬೇಕಾರ ನಾಳಿಂದ ಪಡಸಾಲಿಗಿ ಕಾಲಿಡಲ್ಲ."

ಆ ಮಾತಿಗೆ ಸುನಂದಾಳ ಮುಖ ಇಳಿದುಹೋಯಿತು. ಹಾಗಾದರೆ ಉಳಿದವರು ಯಾರು? ಮಾವನಿಗೆ ತಮ್ಮ ಹೊಟ್ಟೆಯದೇ ಚಿಂತೆ. ಗಂಡ ಬೆಳಿಗ್ಗೆ ಮಿಲ್ಲಿಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಾನೆ. ತುಪ್ಪದ ಕೈ ಯಾರದು ಎಂಬುದರಲ್ಲಿ ಅವಳಿಗೆ ಸಂಶಯವೇ ಉಳಿಯಲಿಲ್ಲ. ಇರುವೆಗೂ ಸಕ್ಕರೆ ಹಾಕುವ ಕೈ, ಬಸುರಿಯ ಕಣ್ಣ ಮುಂದೆ ಜೀವ ಹಸಿಯಬಾರದೆನ್ನುವ ಕೈ.

"ನಿಮ್ಮವ್ವ ಹಾಕಾಕತ್ತಾರ" ಎಂದಳು ಗಂಡನಿಗೆ.

"ಅವ್ವ ಆ ತೊಟ್ಟಿ ಹತ್ರ ಸುಳಿಯಂಗಿಲ್ಲ. ನಿನಗ ಎಲ್ಲಾದರಾಗೂ ಅನುಮಾನ."

"ನನಗ ಅನುಮಾನಾ? ಸಣ್ಣ ಪಾತ್ರಿ ಒಲಿ ಮ್ಯಾಲ ಇಟ್ಟವರು ಯಾರು?"

"ಬಸುರಿ ಹೆಂಗಸಿಗಿ ಖಾರ ಕಡಿಮಿ ಬೇಕು, ಅದಕ್ಕ ಬ್ಯಾರೆ ಮಾಡ್ತಾರ" ಎಂದು ಅವನು ಮಗ್ಗುಲಾದ. ತನ್ನ ಮಾತನ್ನು ತಾನೇ ಪೂರ್ತಿ ನಂಬದವನ ದನಿಯದು.

ಅದೇ ವಾರ ಉಮಾದೇವಿಯನ್ನು ಡಾಕ್ಟರಿಗೆ ತೋರಿಸಿಕೊಂಡು ಬಂದ ನೀಲಗಂಗಮ್ಮನ ಮುಖ ಗಂಟಿಕ್ಕಿತ್ತು. ಮಗಳ ತೂಕ ಏರುವುದಿರಲಿ, ಹೋದ ಸಲಕ್ಕಿಂತ ಇಳಿದಿತ್ತು. ಅವರು ಸೊಸೆಯತ್ತ ನೋಡಿದ ನೋಟದಲ್ಲಿ ಒಂದು ಇಡೀ ಪ್ರಶ್ನೆ ಇತ್ತು. ಆದರೆ ರಾತ್ರಿ ಊಟದ ಹೊತ್ತಿಗೆ ದನಿ ಬದಲಾಯಿತು, ಬೆಲ್ಲ ಹಾಕಿದಷ್ಟು ಮೃದುವಾಯಿತು.

"ಸುನಂದಾ, ಅಪ್ಪನ ಮನಿಗಿ ಹೋಗಿ ಎಷ್ಟು ದಿನಾತು ನೀ? ಶುಕ್ರವಾರ ಹೋಗು. ಸೋಮವಾರ ಬಂದ್ರ ಆತು, ಗಡಿಬಿಡಿ ಇಲ್ಲ."

ಮದುವೆ ಮುಂಜಿ ಇದ್ದಾಗಲೂ ಬೆಳಿಗ್ಗೆ ಹೋಗಿ ಸಂಜೆ ಬಾ ಎನ್ನುವ ಅತ್ತೆ! ಸುನಂದಾ ಚೀಲ ತುಂಬಿಕೊಂಡಳು. ಮೀನಿಗೆ ಏನೂ ಹಾಕಬೇಡಿ ಎಂದು ಗಂಡನಿಗೆ ಹೇಳಿ, ಮಾನ್ವಿ ಬಸ್ಸು ಹಿಡಿದು, ಅಲ್ಲಿಂದ ಬಾಗಲವಾಡಕ್ಕೆ ಹೋದಳು.

ತವರಿನಲ್ಲಿ ತಾಯಿ ಬಸವಂತಮ್ಮ ಮಗಳ ತಲೆಗೆ ಎಣ್ಣೆ ಹಚ್ಚುತ್ತ ಎಲ್ಲ ಕೇಳಿಸಿಕೊಂಡಳು. ಅತ್ತೆ ತಾವಾಗಿಯೇ ತವರಿಗೆ ಕಳಿಸಿದ ಮಾತು ಬಂದಾಗ ಅವಳ ಕೈ ನಿಂತಿತು.

"ನಿಮ್ಮ ನಾದಿನಿಗಿ ಯಾವ ತಿಂಗಳ ನಡದಾದ?"

"ಐದು."

"ಹಂಗಾರ ಕಳ್ಳ ಕುಬಸ ಇರಬೇಕು ಬಿಡು" ಎಂದಳು ತಾಯಿ, ಮಗಳ ಮುಖ ನೋಡದೆ.

ಏಳನೆಯ ತಿಂಗಳಲ್ಲಿ ಊರು ಕರೆದು ಮಾಡುವ ಸೀಮಂತದ ಕುಬಸ ಬೇರೆ. ಐದನೆಯದರಲ್ಲಿ ಬಾಗಿಲು ಹಾಕಿಕೊಂಡು, ಹಸಿರು ಸೀರೆ, ಹಸಿರು ಬಳೆ ತೊಡಿಸಿ, ಬಾಯಿಗೆ ಸಿಹಿಯಿಟ್ಟು ಮುಗಿಸುವುದು ಕಳ್ಳ ಕುಬಸ. ಹೊರಗಿನವರ ಕಣ್ಣು ಬೀಳಬಾರದೆಂದೇ ಅದು ಕಳ್ಳತನದ್ದು. ಮನೆಯವರು ಮಾತ್ರ ಇರಬೇಕು. ಮನೆಯವರು ಎಂದರೆ ಯಾರು ಎಂಬುದನ್ನು ನೀಲಗಂಗಮ್ಮ ಲೆಕ್ಕ ಹಾಕಿದ್ದರು, ಆ ಲೆಕ್ಕದಲ್ಲಿ ಸುನಂದಾ ಹೊರಗೆ ಬಿದ್ದಿದ್ದಳು. ಅವಳಿಗೆ ಅಳು ಬಂತು. ತಾಯಿಯ ಮಡಿಲಲ್ಲಿ ಮುಖವಿಟ್ಟು ಚೆನ್ನಾಗಿಯೇ ಅತ್ತಳು.

ಸೋಮವಾರದವರೆಗೆ ಕಾಯಲು ಮನಸ್ಸಾಗಲಿಲ್ಲ. ಭಾನುವಾರ ಹೊರಡುವಾಗ ಅಣ್ಣ ಅಮರೇಶನಿಗೆ ಮೀನಿನ ಉಪ್ಪಿನ ಹೆಸರು ಹೇಳಿದಳು. ಅವನು ಮೊಬೈಲಿನಲ್ಲಿ ನೋಡಿ ನಕ್ಕ. "ಇದಾ? ಹತ್ತಿ ಎಲಿ ಕೆಂಪಾದ್ರ ಹೊಡಿತೀವಲ್ಲ ಮೆಗ್ನೀಸಿಯಮ್, ಅದs ಇದು. ಉಳದದ್ದು ಅದ, ಒಯ್ಯಿ." ಬಿಳಿಯ ಹರಳು ಹರಳಿನ ಪುಡಿಯನ್ನು ಪ್ಲಾಸ್ಟಿಕ್ ಚೀಲಕ್ಕೆ ಸುರಿದು ಗಂಟು ಹಾಕಿಕೊಟ್ಟ.

ರಾಯಚೂರಿನ ಮನೆ ಒಂದು ದಿನ ಮೊದಲೇ ಬಂದ ಸೊಸೆಯನ್ನು ನೋಡಿ ಬೆಚ್ಚಿತು. ಉಮಾದೇವಿಯ ಎರಡೂ ಕೈ ತುಂಬ ಹಸಿರು ಬಳೆ. ಅವಳು ಸೆರಗನ್ನು ಎಳೆದು ಕೈ ಮುಚ್ಚಿಕೊಂಡಳು, ಬಳೆಗಳು ಗಲಗಲ ಎಂದವು. ನೀಲಗಂಗಮ್ಮ, "ಬಂದ್ಯಾ? ಉಂಡೀಯಿಲ್ಲ?" ಎಂದು ಕೇಳಿ ಉತ್ತರ ಕೇಳುವ ಮೊದಲೇ ಒಳಗೆ ಹೋದರು. ಸುನಂದಾ ಬಳೆಯ ಮಾತೆತ್ತಲಿಲ್ಲ. ನೇರ ತೊಟ್ಟಿಯ ಬಳಿ ಹೋದಳು. ಮೀನು ಹೊಟ್ಟೆ ಮೇಲೆ ಮಾಡಿಕೊಂಡು ಬಾಯಿ ಮಾತ್ರ ಆಡಿಸುತ್ತಿತ್ತು. ಉಪ್ಪಿನ ಚೀಲವನ್ನು ಎಲ್ಲಿಡಬೇಕೆಂದು ತಿಳಿಯದೆ ಅಡುಗೆಮನೆಯ ಹಲಗೆಯ ಮೇಲೆ, ಉಪ್ಪಿನ ಡಬ್ಬಿಯ ಹಿಂದೆ ಇಟ್ಟಳು. ಅದೇ ಅವಳು ಮಾಡಿದ ತಪ್ಪು.

ಮರುದಿನ ಮಧ್ಯಾಹ್ನ ಮನೆ ಮಲಗಿತ್ತು. ಹಿತ್ತಲಲ್ಲಿ ಬಟ್ಟೆ ತೆಗೆಯುತ್ತಿದ್ದ ಸುನಂದಾಳಿಗೆ ಪಡಸಾಲೆಯಿಂದ ಬಳೆಯ ಸದ್ದು ಕೇಳಿಸಿತು. ಬರಿಗಾಲಿನಲ್ಲಿ ಬಂದು ಬಾಗಿಲಲ್ಲಿ ನಿಂತಳು. ಉಮಾದೇವಿ ತೊಟ್ಟಿಯ ಮುಚ್ಚಳ ಸರಿಸಿ, ಬಟ್ಟಲಿನ ಮಾದಲಿಯನ್ನು ಹಿಡಿಹಿಡಿಯಾಗಿ ನೀರಿಗೆ ಉದುರಿಸುತ್ತಿದ್ದಳು.

"ಉಮಾ!"

ಬಟ್ಟಲು ಅವಳ ಕೈಯಿಂದ ಜಾರಿ ಸೋಫಾದ ಮೇಲೆ ಬಿತ್ತು. "ವೈನೀ, ಅವ್ವಗ ಹೇಳಬ್ಯಾಡ್ರಿ. ನಿಮ್ಮ ಕಾಲು ಬೀಳ್ತೀನಿ."

"ದಿನಾ ಇದರಾಗs ಹಾಕ್ತೀದೇನು?"

"ನುಂಗಾಕ ಆಗವಲ್ದು ವೈನಿ. ತುಪ್ಪದ ವಾಸನಿಗಿ ಕರುಳು ಕಿತ್ತು ಬರತದ. ಹಿತ್ತಲದಾಗ ಚೆಲ್ಲಿದ್ರ ಹನುಮಂತಮ್ಮ ನೋಡ್ತಾಳ, ಕಸದ ಡಬ್ಬಿ ಅವ್ವ ನೋಡ್ತಾಳ. ಇದು ತಿಂತಿತ್ತು, ಅದಕ್ಕ…"

"ಬ್ಯಾಡ ಅಂತ ಅವ್ವಗ ಹೇಳಾಕ ಏನಾಗ್ಯಾದ ನಿನಗ?"

ಉಮಾದೇವಿ ಕಣ್ಣು ಒರೆಸಿಕೊಳ್ಳುತ್ತ, "ತಿನ್ನಲಿಲ್ಲಂದ್ರ ನಿನಗೂ ವೈನಿ ಗತಿನs ಅಂತಾಳ. ದಿನಾ ಅಂತಾಳ. ನನಗ ಅಂಜಿಕಿ ಆಗತದ" ಎಂದಳು.

ಸುನಂದಾಳಿಗೆ ಸಿಟ್ಟು ಬಂದಿತ್ತು, ಅದು ಅಲ್ಲೇ ನಿಂತುಹೋಯಿತು. ತನ್ನ ಹೆಸರನ್ನು ಈ ಮನೆಯಲ್ಲಿ ಬಸುರಿಯರನ್ನು ಹೆದರಿಸಲು ಬಳಸುತ್ತಾರೆ ಎಂಬುದು ಅವಳಿಗೆ ಗೊತ್ತಿರಲಿಲ್ಲ. "ಹೇಳಂಗಿಲ್ಲ, ಹೋಗು" ಎಂದಳು. ಆ ಸಂಜೆ ಅತ್ತೆ ಮಲಗುವ ಕೋಣೆಯಲ್ಲಿದ್ದಾಗ ಗೋಧಿ ಗಂಜಿಗೆ ಲಿಂಬೆ ಹಿಂಡಿ, ತುಪ್ಪ ಹಾಕದೆ ಲೋಟಕ್ಕೆ ಬಗ್ಗಿಸಿ ಅವಳ ಕೈಗೆ ಕೊಟ್ಟಳು. ಉಮಾದೇವಿ ಗಟಗಟ ಕುಡಿದಳು, ಅದು ಹೊಟ್ಟೆಯಲ್ಲಿ ನಿಂತಿತು.

ಆದರೆ ಕೋಣೆಯ ಬಾಗಿಲಲ್ಲಿ ನೀಲಗಂಗಮ್ಮ ನಿಂತು, ಸೊಸೆ ಮಗಳಿಗೆ ಕದ್ದು ಏನೋ ಕುಡಿಸಿದ್ದನ್ನು ಕಂಡಿದ್ದರು.

ಮರುದಿನ ಬೆಳಿಗ್ಗೆ ಬಸವಪ್ರಸಾದ ಮಿಲ್ಲಿಗೆ ಹೊರಡುವ ಮೊದಲೇ ಪಡಸಾಲೆಯಲ್ಲಿ ಪಂಚಾಯಿತಿ ನೆರೆಯಿತು. ನೀಲಗಂಗಮ್ಮನ ಕೈಯಲ್ಲಿ ಗಂಟು ಹಾಕಿದ ಪ್ಲಾಸ್ಟಿಕ್ ಚೀಲ.

"ಏನಿದು?"

"ಮೀನಿನ ಔಷಧ ರೀ ಅತ್ತಿ. ಅಣ್ಣ ಕೊಟ್ಟಾನ."

ವಿರೂಪಣ್ಣ ಚೀಲ ಬಿಚ್ಚಿ, ಒಂದು ಹರಳು ಬೆರಳಲ್ಲಿ ತಿಕ್ಕಿ ನೋಡಿದರು. "ಇದು ಹತ್ತಿಗಿ ಹೊಡಿಯೂದು ಅದಲ್ಲೇನು?" ಎಂದರು, ಉಪಕಾರ ಮಾಡಿದವರಂತೆ.

"ಕೇಳಿದ್ಯಾ ಪ್ರಸಾದಾ? ಹೊಲಕ್ಕ ಹೊಡಿಯೂದು ಅಡಗಿಮನಿಗಿ ಯಾಕ ಬಂತು? ಉಪ್ಪಿನ ಡಬ್ಬಿ ಹಿಂದ ಯಾಕ ಕುಂತಿತ್ತು? ನಿನ್ನಿ ಸಂಜೀಕ ನನ್ನ ಮಗಳಿಗಿ ಲೋಟದಾಗ ಏನ್ ಕುಡಿಸಿದಿ? ನಾ ಕಣ್ಣಾರೆ ನೋಡೀನಿ!"

"ಗಂಜಿ ರೀ."

"ಗಂಜಿ ಕುಡಿಸಾಕ ಕಳ್ಳತನ ಯಾಕ ಬೇಕು? ಬಟ್ಟಲ ಖಾಲಿ ಆಗತದ, ತಾಟು ಖಾಲಿ ಆಗತದ, ಮಗಳ ಮೈಗಿ ಹತ್ತವಲ್ದು. ಉಂಡದ್ದೆಲ್ಲಾ ಎಲ್ಲಿ ಹೊಂಟಾದ? ನನಗ ಹೇಳು!"

ಸುನಂದಾ ಗಂಡನ ಕಡೆ ನೋಡಿದಳು. ಬಸವಪ್ರಸಾದ ಚೀಲವನ್ನು ನೋಡಿದ, ತಾಯಿಯನ್ನು ನೋಡಿದ, ಕೊನೆಗೆ ಹೆಂಡತಿಯನ್ನು ನೋಡಿ ಮೆಲ್ಲಗೆ, "ಖರೇ ಹೇಳು ಸುನಂದಾ. ಏನದು?" ಎಂದ.

ಅತ್ತೆಯ ಮಾತೆಲ್ಲ ಸೇರಿಸಿದರೂ ಇದರಷ್ಟು ನೋಯಿಸಿರಲಿಲ್ಲ. ಅವಳು ಚೀಲಕ್ಕೆ ಕೈ ಹಾಕಿ ಒಂದು ಚಿಟಿಕೆ ತೆಗೆದು ನಾಲಿಗೆಯ ಮೇಲಿಟ್ಟುಕೊಂಡಳು. ವಿರೂಪಣ್ಣ ಹಾಂಹಾಂ ಎಂದು ಎದ್ದರು. "ಕಹಿ ಅದ, ಅಷ್ಟs" ಎಂದಳು ಸುನಂದಾ. ಆಮೇಲೆ ಉಮಾದೇವಿಯ ಕಡೆ ನೋಡಿದಳು. ಉಮಾದೇವಿ ಕಾಲಿನ ಹೆಬ್ಬೆರಳನ್ನೇ ನೋಡುತ್ತ ನಿಂತಿದ್ದಳು. ಬಳೆ ಕೂಡ ಸದ್ದು ಮಾಡಲಿಲ್ಲ.

"ಇಂಥಾ ನಾಟಕ ನನ್ನ ಮುಂದ ಬ್ಯಾಡ" ಎಂದರು ನೀಲಗಂಗಮ್ಮ. "ಇವತ್ತಿನಿಂದ ನೀ ಒಲಿ ಮುಂದ ಬರಬ್ಯಾಡ. ನನ್ನ ಮಗಳು ಹೋಗೂತನಕ ಆಕಿಗಿ ಒಂದು ಲೋಟ ನೀರು ಸೈತ ನಿನ್ನ ಕೈಯಾಗಿಂದ ಹೋಗಬಾರದು. ಆ ಮೀನೂ ಇವತ್ತs ಮನಿ ಬಿಟ್ಟು ಹೋಗಬೇಕು. ಅದು ಸಾಯ್ತದ, ಬಸುರಿ ಕಣ್ಣ ಮುಂದ ಸಾವು ಬ್ಯಾಡ ನನಗ."

ಒಲೆಯ ಮುಂದಿನಿಂದ ಎಬ್ಬಿಸಿದ ಸೊಸೆಗೆ ಆ ಮನೆಯಲ್ಲಿ ಉಳಿಯುವುದು ಮಲಗುವ ಜಾಗವೊಂದೇ. ಇದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಸುನಂದಾಳ ಗಂಟಲಿನವರೆಗೂ ಮಾತು ಬಂತು. ಹೇಳಂಗಿಲ್ಲ ಎಂದು ಕೊಟ್ಟ ಮಾತು ಅದನ್ನು ತಡೆಯಿತು. ಅವಳು ನುಂಗಿಕೊಂಡಳು. ನುಂಗಿಕೊಂಡ ಮೇಲೆ ಅವಳಿಗೊಂದು ವಿಷಯ ಹೊಳೆಯಿತು: ಮಾತು ಕೊಟ್ಟದ್ದು ಬಾಯಿ, ಕೈಯಲ್ಲ.

"ಆತು ರೀ ಅತ್ತಿ. ತೊಟ್ಟಿ ನಾನs ಖಾಲಿ ಮಾಡ್ತೀನಿ" ಎಂದಳು. "ನೀವೂ ಇಲ್ಲೇ ಕುಂದ್ರಿ. ತುಳಸಿಗಿ ನೀರು ಬೀಳ್ತದೇನು ನೋಡಾಕ ಬೇಕಲ್ಲ."

ಬಕೆಟಿನಲ್ಲಿ ಹೊಸ ನೀರು ತುಂಬಿ ಅದರಲ್ಲಿ ಒಂದಿಷ್ಟು ಆ ಬಿಳಿ ಉಪ್ಪನ್ನು ಎಲ್ಲರ ಕಣ್ಣ ಮುಂದೆಯೇ ಕರಗಿಸಿ, ಮೀನನ್ನು ಅಂಗೈಯಲ್ಲಿ ಎತ್ತಿ ಬಿಟ್ಟಳು. ಪೈಪಿನಿಂದ ತೊಟ್ಟಿಯ ನೀರನ್ನು ಅಂಗಳಕ್ಕೆ ಹರಿಸಿದಳು. ಕೆಳಗುಳಿದ ಬಣ್ಣದ ಹರಳುಕಲ್ಲುಗಳನ್ನು ಬೊಗಸೆಯಲ್ಲಿ ಬಾಚಿ ಬಾಚಿ ಅಗಲವಾದ ಬಿಳಿಯ ಪರಾತಕ್ಕೆ ಹಾಕಿ, ಆ ಪರಾತವನ್ನು ಅತ್ತೆಯ ಕಾಲ ಬುಡಕ್ಕೆ ಸರಿಸಿದಳು.

ಹುಳಿತ ವಾಸನೆ ಪಡಸಾಲೆ ತುಂಬಿತು. ಕಲ್ಲುಗಳ ನಡುವೆ ನೀರು ಕುಡಿದು ಉಬ್ಬಿದ ಗೋಧಿ, ಕೊಬ್ಬರಿಯ ಚೂರು, ಕಪ್ಪಾದ ಗಸಗಸೆ. ನೀಲಗಂಗಮ್ಮ ಮೂಗಿಗೆ ಸೆರಗು ಹಿಡಿದು ಬಗ್ಗಿದರು. ವರ್ಷವಿಡೀ ಆ ನೀರಿನ ನೆರಳಿಗೂ ಹೋಗದ ಕೈಯನ್ನು ಪರಾತದೊಳಗಿಟ್ಟು, ಒಂದು ಚೂರು ಎತ್ತಿ, ಬೆರಳಲ್ಲಿ ಒತ್ತಿ ನೋಡಿದರು. ತನ್ನ ಕೈಯ ಅಡುಗೆ ಯಾವ ಹೆಂಗಸಿಗೂ ಗುರುತು ಸಿಗದೆ ಇರುವುದಿಲ್ಲ.

"ಇದು ನನ್ನ ಮಾದ್ಲಿ."

ಅವರು ಸೊಸೆಯತ್ತ ತಟ್ಟನೆ ತಿರುಗಿ ಬಾಯಿ ತೆರೆದರು. ಆದರೆ ಇನ್ನೊಂದು ಕೈ ಟೊಂಕದ ಕೀಲಿಯ ಮೇಲೆ ಹೋಗಿ ನಿಂತಿತು, ಬಾಯಿ ಮುಚ್ಚಿತು. ಆ ಡಬ್ಬಿಯಿಂದ ಮಾದಲಿ ಹೋಗುತ್ತಿದ್ದುದು ಒಬ್ಬಳ ಕೈಗೆ ಮಾತ್ರ.

"ಉಮಾ?"

ಉಮಾದೇವಿ ಅಳುತ್ತ ಕೂತುಬಿಟ್ಟಳು. "ನೀ ಕೊಡಾಕತ್ತಿದ ದಿನದಿಂದ ಹಾಕಾಕತ್ತೀನಿ ಅವ್ವಾ. ಬೈಬ್ಯಾಡ. ನನಗ ಸೇರಂಗಿಲ್ಲ. ನಿನ್ನಿ ವೈನಿ ಕೊಟ್ಟ ಗಂಜಿ ಒಂದs ಹೊಟ್ಟ್ಯಾಗ ನಿಂತದ್ದು."

ಬಸವಪ್ರಸಾದ ಹೆಂಡತಿಯ ಕಡೆ ಒಂದು ಹೆಜ್ಜೆ ಬಂದ. ಸುನಂದಾ ಬಕೆಟ್ ಎತ್ತಿಕೊಂಡು ಅವನನ್ನು ದಾಟಿ ಹಿತ್ತಲಿಗೆ ಹೋದಳು.

ಆ ದಿನ ಒಲೆ ಯಾರು ಹಚ್ಚಬೇಕೆಂದು ತಿಳಿಯದೆ ಮನೆ ಒದ್ದಾಡಿತು. ಕೊನೆಗೆ ವಿರೂಪಣ್ಣ ಮಗನನ್ನು ಖಾನಾವಳಿಗೆ ಕಳಿಸಿ ರೊಟ್ಟಿ ತರಿಸಿದರು. ನೀಲಗಂಗಮ್ಮ ಪೂಜೆಗೆ ಕೂತವರು ಬಹಳ ಹೊತ್ತು ಏಳಲಿಲ್ಲ. ಮೀನಿನ ಮಾತನ್ನು ಯಾರೂ ಎತ್ತಲಿಲ್ಲ. ತೊಳೆದ ತೊಟ್ಟಿ ಮತ್ತೆ ತನ್ನ ಜಾಗದಲ್ಲಿ ಕೂತದ್ದನ್ನೂ, ಹೊಸ ನೀರಿನಲ್ಲಿ ಮೀನು ಮತ್ತೆ ಅದರೊಳಗೆ ಹೋದದ್ದನ್ನೂ ಯಾರೂ ತಡೆಯಲಿಲ್ಲ.

ಮರುದಿನ ಬೆಳಿಗ್ಗೆ ಮೀನಿನ ಹಿಂದೆ ಮಲದ ಉದ್ದನೆಯ ದಾರ ನೇತಾಡುತ್ತಿತ್ತು. ಹೊಟ್ಟೆ ಅರ್ಧ ಇಳಿದಿತ್ತು. ಅದು ನೆಟ್ಟಗೆ ನಿಂತು ಈಜಲು ನೋಡುತ್ತಿತ್ತು, ಆಗಾಗ ವಾಲುತ್ತಿತ್ತು. ಸುನಂದಾಳಿಗೆ ಕಣ್ಣು ತುಂಬಿ ಬಂತು. ಬಟಾಣಿ ಕುದಿಸಿ, ಬಟ್ಟಲಿಗೆ ಬಸಿದು, ಪಡಸಾಲೆಯ ನೆಲದ ಮೇಲೆ ಕೂತು ಸಿಪ್ಪೆ ಬಿಡಿಸತೊಡಗಿದಳು.

ನೀಲಗಂಗಮ್ಮ ಬಂದು ಎದುರಿಗೆ ಕೂತರು. ವಿಭೂತಿ ಇನ್ನೂ ಹಸಿಯಾಗಿತ್ತು. ಬಟ್ಟಲಿನಿಂದ ತಾವೂ ಒಂದು ಕಾಳು ತೆಗೆದುಕೊಂಡರು.

"ಸಿಪ್ಪಿ ಪೂರಾ ತಗೀಬೇಕೇನು?"

"ಹೌದ್ರೀ. ಸಿಪ್ಪಿ ಅದಕ್ಕ ಕರಗಲ್ಲ."

ಇಬ್ಬರೂ ಸಿಪ್ಪೆ ಬಿಡಿಸಿದರು. ಒಳಗೆ ಉಮಾದೇವಿ ಯಾವುದೋ ಲೋಟವನ್ನು ಕೆಳಗಿಟ್ಟ ಸದ್ದಾಯಿತು. ನೀಲಗಂಗಮ್ಮ ಬಾಗಿಲ ಕಡೆ ನೋಡಿ, ದನಿ ತಗ್ಗಿಸಿದರು.

"ಒಂದು ಕೇಳ್ತೀನಿ, ಖರೇ ಹೇಳು. ಹೋದ ವರ್ಷ ನೀನೂ ಹಿಂಗs ಚೆಲ್ತಿದ್ದೇನು? ನಾ ಕೊಟ್ಟದ್ದೆಲ್ಲಾ?"

ಪಾಪ, ಹೌದು ಎಂಬ ಉತ್ತರ ಬೇಕಾಗಿತ್ತು ಅವರಿಗೆ. ಅದು ಮುಖದ ಮೇಲೆ ಬರೆದಂತೆ ಕಾಣುತ್ತಿತ್ತು. ಹೌದು ಎಂದರೆ ಎಲ್ಲವೂ ಮತ್ತೆ ಸರಿಯಾಗುತ್ತಿತ್ತು. ನೆಂಟರಿಗೆ ಹೇಳಿದ್ದು, ಮಗಳಿಗೆ ಹೇಳಿ ಹೆದರಿಸಿದ್ದು, ಎಲ್ಲ.

"ಇಲ್ಲ ರೀ ಅತ್ತಿ" ಎಂದಳು ಸುನಂದಾ. "ನನಗೂ ಸೇರ್ತಿರಲಿಲ್ಲ. ಆದ್ರೂ ಮೂಗು ಹಿಡಕೊಂಡು ತಿಂತಿದ್ದೆ. ಒಂದು ಅಗಳೂ ಬಿಟ್ಟಿರಲಿಲ್ಲ. ನೀವು ಕೊಟ್ಟದ್ದೆಲ್ಲಾ ತಿಂದಿದ್ದೆ."

ನೀಲಗಂಗಮ್ಮನ ಹೆಬ್ಬೆರಳು ಕಾಳಿನ ಮೇಲೆ ನಿಂತಿತು.

"ಎಲ್ಲಾನಾ?"

"ಎಲ್ಲಾ ರೀ."

ಅವರು ಬಟ್ಟಲಿಗೆ ಕೈ ಹಾಕಿ ಇನ್ನೊಂದು ಕಾಳು ತೆಗೆದುಕೊಂಡರು, ಅದರ ಸಿಪ್ಪೆ ಬಿಡಿಸಿದರು. ಆಮೇಲೆ ಮತ್ತೊಂದು. ಒಂದು ಮೀನಿಗೆ ಒಂದೆರಡು ಕಾಳು ಸಾಕಾಗಿತ್ತು. ಸುನಂದಾ ಅದನ್ನು ಹೇಳಲಿಲ್ಲ, ಅತ್ತೆ ನಿಲ್ಲಿಸಲಿಲ್ಲ. ಬಟ್ಟಲು ಖಾಲಿಯಾಗುವವರೆಗೂ ಅವರು ತಲೆ ಎತ್ತದೆ ಸಿಪ್ಪೆ ಬಿಡಿಸುತ್ತಲೇ ಇದ್ದರು.